ಸಾಹೇಬರ ಕುರ್ಚಿ ಓಡಿಹೋದದ್ದು

ಓಡುವುದು ಒಳ್ಳೆಯದೋ, ಸೈಕಲ್ ತುಳಿಯುವುದು ಒಳ್ಳೆಯದೋ, ಈಜುವುದು ಒಳ್ಳೆಯದೋ ಎಂದು ಕೇಳಿಕೊಂಡು ಇನ್ನು ಮೇಲೆ ಯಾರಾದರೂ ನನ್ನ ಅಂಗಡಿಗೆ ಬಂದರೆ ಸುತ್ತಿಗೆಯಿಂದ ಉತ್ತರ ಕೊಡುತ್ತೇನೆ. ಮೊದಲೇ ಹೇಳಿದ್ದೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ನಾನು ಕುರ್ಚಿ ರಿಪೇರಿ ಮಾಡುವವನು. ಕಾಲು ಮುರಿದದ್ದು, ಬೆತ್ತ ಹರಿದದ್ದು, ಸ್ಪ್ರಿಂಗು ಮೇಲೆದ್ದು ಕೂತವರನ್ನು ಚುಚ್ಚುವುದು, ಎಲ್ಲವೂ ನನ್ನ ಬಳಿಗೇ ಬರಬೇಕು. ನನ್ನ ಕೆಲಸಕ್ಕೆ ಒಂದು ಪದ್ಧತಿ ಇದೆ. ರಿಪೇರಿ ಮುಗಿದ ಮೇಲೆ ಗಿರಾಕಿಯ ಎದುರಿಗೇ ಆ ಕುರ್ಚಿಯ ಮೇಲೆ ಧೊಪ್ಪನೆ ಕೂರುತ್ತೇನೆ. ನಾನು ಕೂತರೂ ಮುರಿಯದ ಕುರ್ಚಿ ಇನ್ನು ಯಾರು ಕೂತರೂ ಮುರಿಯುವುದಿಲ್ಲ. ಇದಕ್ಕಿಂತ ದೊಡ್ಡ ಗ್ಯಾರಂಟಿಯನ್ನು ಯಾವ ಕಂಪನಿಯವನೂ ಕೊಡಲಾರ. ಅದಕ್ಕೆ ತಕ್ಕ ಮೈಯನ್ನು ವರ್ಷಗಟ್ಟಲೆ ಕೂತು ಕೂತೇ ಸಂಪಾದಿಸಿದ್ದೆ. ಇನ್ನು, ಕೆಳಗೆ ಗಾಲಿ ಇರುವ ಆಫೀಸು ಕುರ್ಚಿಗೆ ಬೇರೆ ಪರೀಕ್ಷೆ. ಅದನ್ನು ಒದೆಯುತ್ತೇನೆ. ಒಂದೇ ಒದೆತಕ್ಕೆ ಅಂಗಡಿಯ ಹಿಂದಿನ ಗೋಡೆ ಮುಟ್ಟಿದರೆ ಗಾಲಿ ಸರಿಯಾಗಿದೆ ಎಂದು ಲೆಕ್ಕ.

ಆ ದಿನ ನನ್ನ ಎದುರಿಗಿದ್ದದ್ದು ಪಟ್ಟಣದ ಕಚೇರಿಯ ದೊಡ್ಡ ಸಾಹೇಬರ ಸ್ವಂತ ಕುರ್ಚಿ. ಎತ್ತರದ ಬೆನ್ನು, ಕಂದು ಚರ್ಮ, ಕೈಯಿಡಲು ಮೆತ್ತೆ. ಗಾಲಿ ಕಚ್ಚಿಕೊಂಡಿದೆ, ಬ್ರೇಕು ಹಿಡಿಯುವುದಿಲ್ಲ ಎಂದು ಕಳಿಸಿದ್ದರು. ಅದು ಬರೀ ಕುರ್ಚಿಯಾಗಿರಲಿಲ್ಲ. ಕಚೇರಿಯವರು ಹೊಸದಾಗಿ ಒಂದು ಸಭಾಂಗಣ ಕಟ್ಟಿಸಿದ್ದರು. ಹಿಂದೆ ಕೂತವರಿಗೂ ವೇದಿಕೆ ಕಾಣಲಿ ಎಂದು ಅದರ ನೆಲವನ್ನು ಬಾಗಿಲಿನಿಂದ ವೇದಿಕೆಯವರೆಗೂ ಇಳಿಜಾರು ಮಾಡಿಸಿದ್ದರು. ಅದಕ್ಕೆ ಬೇಕಾದ ಕುರ್ಚಿಗಳನ್ನೆಲ್ಲ ಯಾರ ಕೈಲಿ ಮಾಡಿಸಬೇಕು ಎಂಬುದನ್ನು ಸಾಹೇಬರು ಈ ಒಂದು ಕುರ್ಚಿಯ ಕೆಲಸ ನೋಡಿ ತೀರ್ಮಾನಿಸುವವರಿದ್ದರು. ಪ್ಲಾಸ್ಟಿಕ್ ಕುರ್ಚಿ ಬಂದಾಗಿನಿಂದ ನನ್ನ ವ್ಯಾಪಾರ ಮಲಗಿತ್ತು. ಮುರಿದರೆ ಜನ ಬಿಸಾಡುತ್ತಾರೆ, ರಿಪೇರಿ ಯಾರು ಮಾಡಿಸುತ್ತಾರೆ? ಸಭಾಂಗಣದ ಕೆಲಸ ಸಿಕ್ಕರೆ ಅಂಗಡಿ ಉಳಿಯಿತು. ಸಿಗದಿದ್ದರೆ ಅಂಗಡಿಗೆ ಬೀಗ ಹಾಕಿ ನನ್ನ ಬಾಮೈದನ ಕನ್ನಡಕದ ಅಂಗಡಿಯಲ್ಲಿ ಅವನ ಕೈಕೆಳಗೆ ಗಾಜು ಒರೆಸಿಕೊಂಡಿರುವುದು ಎಂದು ನನ್ನ ಹೆಂಡತಿಯೂ ಅವಳ ಆ ತಮ್ಮನೂ ನನ್ನನ್ನು ಕೇಳದೆಯೇ ಮಾತಾಡಿ ಮುಗಿಸಿದ್ದರು.

ಆ ಬಾಮೈದ ಹೊಸದಾಗಿ ಸೈಕಲ್ ಕೊಂಡಿದ್ದ. ಕೊಂಡದ್ದು ಅವನು, ಕೇಳಬೇಕಾದ್ದು ನಾನು.

“ಭಾವ, ಓಟ ಮಂಡಿಗೆ ಕೆಟ್ಟದ್ದು. ನಡಿಗೆಯಿಂದ ಏನೂ ಆಗಲ್ಲ. ಸೈಕಲ್ ಒಂದೇ. ನನ್ನ ಮೀನಖಂಡ ನೋಡಿ. ಮುಟ್ಟಿ ನೋಡಿ.”

“ಬೆಳಗಾಗೆದ್ದು ನಿನ್ನ ಮೀನಖಂಡ ಮುಟ್ಟೋಕೆ ನನಗೇನು ಗ್ರಹಚಾರ?”

“ಹಾಗಲ್ಲ ಭಾವ. ನಿಮ್ಮ ಹೊಟ್ಟೆ ನೋಡಿ ಅಕ್ಕನಿಗೆ ಎಷ್ಟು ಯೋಚನೆ ಗೊತ್ತಾ? ನಾಳೆ ನಮ್ಮ ಅಂಗಡಿಗೆ ಬಂದ್ರೆ ಗಾಜಿನ ಕಪಾಟಿನ ಮಧ್ಯೆ ನೀವು ತೂರಲ್ಲ. ನಾನು ಕಪಾಟು ಸರಿಸಬೇಕಾಗುತ್ತೆ.”

ಇಷ್ಟು ಹೇಳಿ, “ಅಕ್ಕಾ, ಕಾಫಿ ಆಯ್ತಾ?” ಎಂದು ಅಂಗಡಿಯ ಹಿಂದಿರುವ ನಮ್ಮ ಮನೆಗೆ ಹೋದ. ಒದೆಯಬೇಕಾಗಿದ್ದದ್ದು ಅವನನ್ನು. ಆದರೆ ಹೆಂಡತಿಯ ತಮ್ಮ. ಎದುರಿಗೆ ಕುರ್ಚಿ ಇತ್ತು, ಅದನ್ನು ಒದ್ದೆ.

ಸಿಟ್ಟಿನಲ್ಲಿ ನಾನು ಗಮನಿಸದ ಸಂಗತಿಗಳಿದ್ದವು. ಕುರ್ಚಿ ಆ ದಿನ ಹಿಂದಿನ ಗೋಡೆಯ ಕಡೆಗೆ ತಿರುಗಿರಲಿಲ್ಲ, ಬೀದಿಯ ಕಡೆಗೆ ತಿರುಗಿತ್ತು. ಭಾರದ ಸಾಮಾನು ಇಳಿಸಲೆಂದು ಮೆಟ್ಟಿಲ ಮೇಲೆ ಹಲಗೆ ಹಾಕಿತ್ತು. ನಮ್ಮ ಬೀದಿ ಬಾವಿಗೆ ಇಳಿದ ಹಾಗೆ ಇಳಿಯುತ್ತದೆ. ಗಾಲಿಯ ರಿಪೇರಿ ಆಗಿತ್ತು. ಬ್ರೇಕಿನದು ಆಗಿರಲಿಲ್ಲ.

ಕುರ್ಚಿ ಹಲಗೆ ಇಳಿಯಿತು, ಬೀದಿಗೆ ತಿರುಗಿತು, ಹೋಯಿತು. ನನ್ನ ರಿಪೇರಿ ಎಷ್ಟು ಚೆನ್ನಾಗಿತ್ತೆಂದರೆ ಒಂದು ಸದ್ದೂ ಇಲ್ಲ. ಕೆಲಸದ ಚಡ್ಡಿ, ಬನಿಯನ್ನಿನಲ್ಲೇ ನಾನು ಅದರ ಹಿಂದೆ ಬಿದ್ದೆ.

ಬೀದಿಯ ಮಧ್ಯೆ ಒಂದು ತಿರುವಿದೆ. ತಿರುವಿನ ಮನೆಯಲ್ಲಿ ಡ್ರಿಲ್ ಮೇಷ್ಟ್ರು ಇದ್ದಾರೆ. ಅವರು ಶಾಲೆಯಿಂದ ನಿವೃತ್ತರಾಗಿದ್ದರೂ ಅವರ ಕೊರಳಿನ ಸೀಟಿ ಇನ್ನೂ ನಿವೃತ್ತವಾಗಿರಲಿಲ್ಲ. ದಿನಾ ಬೆಳಿಗ್ಗೆ ನೆರೆಹೊರೆಯವರನ್ನು ಅಂಗಳದಲ್ಲಿ ಸೇರಿಸಿ ಓಡಿಸಲು ನೋಡುತ್ತಿದ್ದರು, ಯಾರೂ ಓಡುತ್ತಿರಲಿಲ್ಲ. ಕುರ್ಚಿ ಹಾದುಹೋದಾಗ ಅಲ್ಲಿದ್ದವರೆಲ್ಲ ಬಗ್ಗಿ ಕಾಲ್ಬೆರಳು ಮುಟ್ಟುವ ಪ್ರಯತ್ನದಲ್ಲಿದ್ದರಂತೆ. ತಲೆ ಎತ್ತಿದಾಗ ಕಂಡದ್ದು ನಾನು.

“ಭೇಷ್! ಕುರ್ಚಿಯಣ್ಣ ಓಡ್ತಿದಾನೆ!” ಎಂದು ಮೇಷ್ಟ್ರು ಸೀಟಿ ಊದಿದರು. “ನೋಡ್ರೋ, ಕುರ್ಚಿಯಣ್ಣನೇ ಓಡ್ತಾನೆ ಅಂದ್ರೆ ನಿಮಗೇನು ದೊಡ್ಡ ರೋಗ?”

ತಿರುವು ದಾಟುವಾಗ ಕುರ್ಚಿ ಕಾಣಲಿಲ್ಲ. ಬೀದಿಯ ಬುಡಕ್ಕೆ ಬಂದೆ. ಅಲ್ಲಿ ದಾರಿ ಮೂರಾಗುತ್ತದೆ: ಒಂದು ಸಂತೆಗೆ, ಒಂದು ಉದ್ಯಾನಕ್ಕೆ, ಒಂದು ಕೆರೆಗೆ. ಮೂರರಲ್ಲೂ ಕುರ್ಚಿ ಇಲ್ಲ. ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತ ನಿಂತಿದ್ದೆ. ಒಂದು ಕಾರು ಬಂದು ಪಕ್ಕದಲ್ಲೇ ನಿಂತಿತು. ಗಾಜು ಇಳಿಯಿತು. ಒಳಗೆ ಸಾಹೇಬರು.

“ಏನ್ರೀ, ಕುರ್ಚಿ ರಿಪೇರಿಯವರಲ್ವಾ? ಏನಿದು ಓಟ?”

ನಿಮ್ಮ ಕುರ್ಚಿಯನ್ನು ಒದ್ದೆ, ಅದು ಓಡಿಹೋಯಿತು ಎನ್ನಬಹುದಿತ್ತು. ಬೇಕಾದರೆ ನೀವು ಹೇಳಿ ನೋಡಿ.

“ವ್ಯಾಯಾಮ ಸಾರ್. ದಿನಾ ಓಡ್ತೀನಿ.”

ಸಾಹೇಬರು ನನ್ನ ಹೊಟ್ಟೆಯನ್ನು ನೋಡಿದರು. “ದಿನಾ ಓಡ್ತೀರಾ? ಮತ್ತೆ ಇದು?”

“ಮೊದಲು ಇನ್ನೂ ಇತ್ತು ಸಾರ್.”

ಸಾಹೇಬರ ಮುಖದಲ್ಲಿ ಗೌರವ ಮೂಡಿತು. ಅವರಿಗೂ ಡಾಕ್ಟರು ವ್ಯಾಯಾಮ ಹೇಳಿದ್ದರಂತೆ. “ಒಬ್ಬ ಓಡು ಅಂತಾನೆ, ಒಬ್ಬ ಸೈಕಲ್ ತುಳಿ ಅಂತಾನೆ. ನಾನು ಯಾವುದನ್ನೂ ಹೋಲಿಸಿ ನೋಡದೆ ಮಂಜೂರು ಮಾಡೋನಲ್ಲ. ನೀವು ಒಂದು ಕೆಲಸ ಮಾಡಿ. ಎಲ್ಲಾನೂ ಮಾಡಿ ನೋಡಿ, ಯಾವುದು ಒಳ್ಳೇದು ಅಂತ ನನಗೆ ಹೇಳಿ. ಅಲ್ಲೀವರೆಗೂ ನಾನು ಆರಾಮಾಗಿರ್ತೀನಿ. ಅಂದ ಹಾಗೆ, ನನ್ನ ಕುರ್ಚಿ ಏನಾಯ್ತು?”

“ಅದರ ಹಿಂದೇನೇ ಇದೀನಿ ಸಾರ್.”

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಮಾರನೆಯ ದಿನದಿಂದ ನಾನು ನಿಜವಾಗಿಯೂ ಓಡಬೇಕಾಯಿತು. ಕುರ್ಚಿ ಹುಡುಕದೆ ಗತಿಯಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಕುರ್ಚಿ ರಿಪೇರಿಯವನು ಸಾಹೇಬರ ಕುರ್ಚಿಯನ್ನೇ ಕಳೆದ ಎಂದು ತಿಂಡಿ ಹೊತ್ತಿಗೆ ಊರು ತುಂಬುತ್ತದೆ. ಆದ್ದರಿಂದ ಬಾಯಿ ಮುಚ್ಚಿಕೊಂಡು ಹುಡುಕಿದೆ. ಸ್ವಲ್ಪ ಓಡುವುದು, ನಿಲ್ಲುವುದು, ನಿಂತ ಕಾರಿನ ಕೆಳಗೆ ಬಗ್ಗಿ ನೋಡುವುದು, ಮತ್ತೆ ಓಡುವುದು, ಗೋಡೆಯಾಚೆ ಕತ್ತು ಚಾಚುವುದು, ಕಸದ ತೊಟ್ಟಿಯ ಮುಚ್ಚಳ ಎತ್ತಿ ಮುಚ್ಚುವುದು, ಮತ್ತೆ ಓಡುವುದು.

ಬೀದಿಯ ಬುಡದಲ್ಲಿ, ಮೂರು ದಾರಿ ಕೂಡುವಲ್ಲಿ, ಒಬ್ಬ ಅಜ್ಜಿಯ ಮನೆ. ಗೇಟು ಹಾಕುವ ಅಭ್ಯಾಸವಿಲ್ಲ. ಬಿಸಿಲು ಬಿದ್ದರೆ ಸಾಕು, ಮನೆಯ ಹಾಸಿಗೆಗಳನ್ನೆಲ್ಲ ತಂದು ಗೇಟಿನೆದುರಿನ ಗೋಡೆಗೆ ಒರಗಿಸುತ್ತಾರೆ. ಮುಂಚೆ ಅಲ್ಲೇ ನಿಂತು ಬೀದಿ ನೋಡುತ್ತಿದ್ದರು. ಈಚೆಗೆ ತಲೆಯ ಮೇಲಿಂದ ನೆಲದವರೆಗೂ ದಪ್ಪ ಹೊದಿಕೆ ಹೊದ್ದು, ಕೂತು ನೋಡುತ್ತಿದ್ದರು. ಪಾಪ, ಮಂಡಿ ನೋವು, ವಯಸ್ಸಾಯಿತಲ್ಲ ಎಂದುಕೊಂಡೆ.

“ಏನೋ ಹುಡುಗಾ, ಏನಾದ್ರೂ ಕಳ್ಕೊಂಡ್ಯಾ?” ಎಂದರು. ಅವರಿಗೆ ನಾನು ಇನ್ನೂ ಹುಡುಗ.

“ಇಲ್ಲಜ್ಜಿ, ವ್ಯಾಯಾಮ!”

“ಸರಿ ಹಾಗಾದ್ರೆ,” ಎಂದು ಅಜ್ಜಿ ಇನ್ನಷ್ಟು ಹಿಂದಕ್ಕೆ ಒರಗಿದರು. ದಿನಾ ಕೇಳುತ್ತಿದ್ದರು. ದಿನಾ ಅದೇ ಉತ್ತರ ಕೊಡುತ್ತಿದ್ದೆ.

ಡ್ರಿಲ್ ಮೇಷ್ಟ್ರು ಅಂಗಳದಿಂದ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಒಂದು ದಿನ ಅಡ್ಡ ಹಾಕಿದರು.

“ಕುರ್ಚಿಯಣ್ಣ, ಇದನ್ನ ಎಲ್ಲಿ ಕಲಿತೆ?”

“ಯಾವುದನ್ನ?”

“ನನ್ನ ಹತ್ರ ಮುಚ್ಚಿಡಬೇಡಪ್ಪ. ಓಡಿ, ಬಗ್ಗಿ, ಇಣುಕಿ, ಎದ್ದು, ಮತ್ತೆ ಓಡೋದು. ಕತ್ತು, ಸೊಂಟ, ಮಂಡಿ, ಮೂರಕ್ಕೂ ಒಂದೇ ಸಲ ಕೆಲಸ! ನಾನು ಜೀವಮಾನವೆಲ್ಲ ಮಕ್ಕಳನ್ನ ಸುಮ್ಮನೆ ಮೈದಾನ ಸುತ್ತಿಸಿ ಹಾಳುಮಾಡಿದೆನಲ್ಲೋ!”

ಮಾರನೆಯ ದಿನದಿಂದ ಮೇಷ್ಟ್ರ ಶಿಷ್ಯರೆಲ್ಲ ನನ್ನ ಹಿಂದೆ. ಅದಕ್ಕೆ ‘ಇಣುಕು ಓಟ’ ಎಂದು ಅವರೇ ಹೆಸರಿಟ್ಟರು. ನಾನು ಚರಂಡಿ ಇಣುಕಿದರೆ ಇಡೀ ಸಾಲು ಚರಂಡಿ ಇಣುಕುತ್ತಿತ್ತು. ನಾನು ಕಸದ ತೊಟ್ಟಿಯ ಮುಚ್ಚಳ ಎತ್ತಿದರೆ ಹಿಂದಿನವರೆಲ್ಲ ಒಬ್ಬೊಬ್ಬರಾಗಿ ಬಂದು ಅದೇ ಮುಚ್ಚಳ ಎತ್ತಿ, ಮೂಗು ಹಿಡಿದು, ಕೃತಾರ್ಥರಾಗಿ ಮುಂದಕ್ಕೆ ಹೋಗುತ್ತಿದ್ದರು. ಒಂದು ಮನೆಯವರು ಬಾಗಿಲು ತೆರೆದರೆ ಅವರ ಕಾರಿನ ಕೆಳಗೆ ನೆರೆಹೊರೆಯ ಮುಖಗಳೆಲ್ಲ ಸಾಲಾಗಿ ಕಂಡವಂತೆ. ಆ ಮನೆಯವರು ಸಿಟ್ಟಾಗಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಬಂದು ಸೇರಿಕೊಂಡರು. ಯಾರದೋ ಛತ್ರಿ ಸಿಕ್ಕಿತು. ಯಾರದೋ ಬೆಕ್ಕು ಸಿಕ್ಕಿತು. ಕ್ಷೌರಿಕನ ಅತ್ತೆಯ ಹಲ್ಲಿನ ಸೆಟ್ಟೂ ಸಿಕ್ಕಿತು. ಕುರ್ಚಿಯೊಂದು ಬಿಟ್ಟು ಎಲ್ಲವೂ ಸಿಕ್ಕವು. ಇಡೀ ಬೀದಿ ನನ್ನ ಜೊತೆ ಹುಡುಕುತ್ತಿತ್ತು. ಏನನ್ನು ಹುಡುಕುತ್ತಿದ್ದೇವೆ ಎಂಬುದು ಮಾತ್ರ ನನ್ನೊಬ್ಬನಿಗೇ ಗೊತ್ತಿತ್ತು.

ಇತ್ತ ಕಚೇರಿಯಲ್ಲಿ ಬೇರೆಯೇ ಅನಾಹುತ. ಒಂದು ಮಧ್ಯಾಹ್ನ ಅಲ್ಲಿಯ ಗುಮಾಸ್ತ ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದ. ಬಂದವನೇ ಯಾರದೋ ಮುರಿದ ಕುರ್ಚಿಯ ಮೇಲೆ ಕೂತ. ಅದು ಅವನ ಸಮೇತ ಕುಸಿಯಿತು. ಅವನು ನೆಲದ ಮೇಲೆಯೇ ಸುಖವಾಗಿ ಉಸಿರುಬಿಟ್ಟ.

“ಕುರ್ಚಿಯವ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಸಾಹೇಬರ ಕುರ್ಚಿ ಬೇಗ ಕೊಟ್ಬಿಡಿ.”

“ಯಾಕ್ರೀ, ಬೇರೆ ಕುರ್ಚಿ ಇಲ್ವಾ?”

“ಇದಾವೆ. ಎಲ್ಲ ನಮ್ಮಂಥೋರ ಕುರ್ಚಿ. ಅದರಲ್ಲಿ ಕೂತ್ರೆ ಅವರ ದರ್ಜೆ ಇಳಿಯುತ್ತಂತೆ. ಅದಕ್ಕೆ ನಿಂತ್ಕೊಂಡಿದಾರೆ. ಸಾಹೇಬರು ನಿಂತಿರುವಾಗ ನಾವು ಕೂರೋಕಾಗುತ್ತಾ? ಇಡೀ ಕಚೇರಿ ನಿಂತಿದೆ ಸ್ವಾಮಿ! ಬಂದ ಜನರನ್ನ ಬೇಗ ಸಾಗಹಾಕಿದ್ರೆ ಗೋಡೆಗಾದ್ರೂ ಒರಗಬಹುದು ಅಂತ ಬಂದ ಕೆಲಸ ಬಂದ ಹಾಗೇ ಮುಗಿಸ್ತಿದೀವಿ. ಹೀಗೇ ಆದ್ರೆ ನಾಳೆ ಮಾಡೋಕೆ ಕೆಲಸಾನೇ ಇರಲ್ಲ.”

ಅವನು ಹೋದ ಮೇಲೆ ಎದುರು ಮನೆಯಾಕೆ ಬಂದು ಮೆಲ್ಲಗೆ ಹೇಳಿದಳು: “ಅಣ್ಣಾ, ವರ್ಷಗಳಿಂದ ಬಾರದ ನಲ್ಲಿ ನೀರು ನಿನ್ನೆ ಬಂತು. ಆ ಕುರ್ಚಿ ರಿಪೇರಿ ನಿಧಾನಕ್ಕೆ ಮಾಡು.”

ಹೀಗೆ ಒಬ್ಬರು ಬೇಗ ಎನ್ನುವುದು, ಒಬ್ಬರು ನಿಧಾನ ಎನ್ನುವುದು. ಕುರ್ಚಿ ಎಲ್ಲಿದೆ ಎಂದು ಹೇಳುವ ಒಬ್ಬ ಗಂಡಸಾಗಲಿ ಹೆಂಗಸಾಗಲಿ ಊರಲ್ಲಿಲ್ಲ.

ಕಾಲಲ್ಲಿ ಓಡಿ ಮುಟ್ಟುವಷ್ಟು ದೂರದಲ್ಲಿ ಕುರ್ಚಿ ಇಲ್ಲವೆಂದಾಯಿತು. ಇನ್ನೂ ಮುಂದೆ ಉರುಳಿರಬೇಕು. ಹಲ್ಲು ಕಚ್ಚಿಕೊಂಡು ಬಾಮೈದನ ಸೈಕಲ್ ಕೇಳಿದೆ. ಅವನ ಕಣ್ಣಲ್ಲಿ ನೀರು ಬಂತು.

“ಅಕ್ಕಾ! ಭಾವ ಸೈಕಲ್ ಕೇಳಿದ್ರು! ನನ್ನ ಬಾಯಿಂದ ಬಂದ ಮಾತು ಸುಳ್ಳಾಗಲಿಲ್ಲ!”

ಸೈಕಲ್ಲಿನಲ್ಲಿ ಮೊದಲು ಉದ್ಯಾನ ಸುತ್ತಿ, ಆಮೇಲೆ ಸಂತೆಯ ದಾರಿ ಹಿಡಿದು ಊರಾಚೆಯವರೆಗೂ ಹೋದೆ. ಬರುವಾಗ ನಮ್ಮ ಬೀದಿಯ ಏರು ನೋಡಿ ಎದೆ ಒಡೆದು ನಿಂತಾಗ ಹಾಲಿನ ವ್ಯಾನಿನವನು ತಾನಾಗಿಯೇ ನಿಲ್ಲಿಸಿದ. “ಇದು ಕನ್ನಡಕದಂಗಡಿಯವರ ಸೈಕಲ್ ಅಲ್ವಾ? ಹತ್ತಿಸಿ. ಅವರೂ ದಿನಾ ಇಲ್ಲಿಂದ ನನ್ನ ವ್ಯಾನಲ್ಲೇ ಮೇಲಕ್ಕೆ ಹೋಗೋದು,” ಎಂದ. ಮೀನಖಂಡವಂತೆ, ಮೀನಖಂಡ!

ನಾನು ಸೈಕಲ್ ಹತ್ತಿದ್ದು ಕಂಡು ಬೀದಿ ಎರಡಾಯಿತು. ಕುರ್ಚಿಯಣ್ಣ ಓಟ ಬಿಟ್ಟ, ಅಂದರೆ ಓಟದಲ್ಲಿ ಏನೋ ದೋಷವಿದೆ ಎಂದು ಅರ್ಧ ಜನ ಸೈಕಲ್ ಕೊಂಡರು. ಅವರಿಗೆ ಬಾಮೈದ ನಾಯಕನಾದ. ಕ್ಷೌರದಂಗಡಿಯೆದುರು ಎರಡು ಪಕ್ಷಕ್ಕೂ ದಿನಾ ಜಗಳ.

“ನಿಮ್ಮ ಸೈಕಲ್ ಪಂಚರ್ ಆಗುತ್ತೆ. ನಮ್ಮ ಕಾಲು ಪಂಚರ್ ಆಗುತ್ತೇನ್ರೀ?” ಎಂದರು ಮೇಷ್ಟ್ರು.

“ಸೈಕಲ್ಲಿಗಾದ್ರೆ ಸ್ಟ್ಯಾಂಡ್ ಇದೆ ಮೇಷ್ಟ್ರೇ. ಓಡಿ ಬಂದ ಮೇಲೆ ನಿಮ್ಮನ್ನ ನಿಲ್ಲಿಸೋಕೆ ಇಬ್ಬರು ಹಿಡ್ಕೋಬೇಕು,” ಎಂದ ಬಾಮೈದ.

“ಓಡೋನು ಸ್ವಂತ ಶಕ್ತಿಯಿಂದ ಓಡ್ತಾನೆ!”

“ಅದಕ್ಕೇ ಎಲ್ಲೂ ತಲುಪಲ್ಲ!”

ಅರ್ಧ ಬೋಳಿಸಿಕೊಂಡ ಗಿರಾಕಿಗಳು ಎದ್ದುಬಂದು ವಾದಕ್ಕೆ ಸೇರಿದರು. ಕ್ಷೌರಿಕ ಯಾವ ಪಕ್ಷಕ್ಕೂ ಸೇರಲಿಲ್ಲ. ಕತ್ತರಿ ಹಿಡಿದು ನಿಂತು, ಎರಡು ಪಕ್ಷದವರ ತಲೆಯೂ ತನ್ನ ಕೈಗೇ ಬರಬೇಕು ಎಂದು ಸಮಾಧಾನದಿಂದಿದ್ದ.

ಉಳಿದದ್ದು ಕೆರೆಯ ದಾರಿ. ಕುರ್ಚಿ ನೀರಿಗೇ ಬಿದ್ದಿದ್ದರೆ? ಒಂದು ಬೆಳಿಗ್ಗೆ ಕೆರೆಗೆ ಇಳಿದೆ. ನನಗೆ ಈಜು ಬರುತ್ತದೆ. ಹಳ್ಳಿ ಶಾಲೆಯಲ್ಲಿ ಪಾಠಕ್ಕಿಂತ ಚೆನ್ನಾಗಿ ಕಲಿತದ್ದು ಅದೊಂದೇ. ಮುಳುಗಿ ಕೆಸರು ತಡಕಿ ಮೇಲೆದ್ದೆ. ಒಂದು ಕಾರಿನ ಟೈರು ಸಿಕ್ಕಿತು. ಮತ್ತೆ ಮುಳುಗಿ ಎದ್ದೆ. ದಡದಲ್ಲಿ ಎರಡೂ ಪಕ್ಷದವರು ನಿಂತು ನೋಡುತ್ತಿದ್ದರು.

“ಈಜೇ ಮೇಲು ಅಂತ ತೀರ್ಮಾನಕ್ಕೆ ಬಂದಹಾಗಿದೆ,” ಎಂದಿತು ಒಂದು ದನಿ.

“ಈಜಲ್ಲ ಅದು. ಸರಿಯಾಗಿ ನೋಡು. ಮುಳುಗಿ ಮಣ್ಣು ತರ್ತಿದಾನೆ. ಭಾರ ಎತ್ತೋದೂ ಅದರಲ್ಲೇ ಬಂತು!”

ಬೇಡ ಬೇಡವೆಂದರೂ ಧುಮುಕಿದರು. ಈಜು ಬಾರದವರು ದಡದಲ್ಲಿ ಕೂತು ಕೆಸರಿಗೆ ಕೈಹಾಕಿದರು. ಸಂಜೆಯೊಳಗೆ ಕೆರೆಯ ಹೂಳು ಅರ್ಧ ಖಾಲಿಯಾಯಿತು. ಕಚೇರಿಯವರು ಅದಕ್ಕೊಂದು ಯೋಜನೆ ಹಾಕಿಕೊಂಡಿದ್ದರಂತೆ, ಅದೂ ಹಾಳಾಯಿತು.

ಇಷ್ಟರಲ್ಲಿ ನನ್ನ ಮೈ ಕರಗಿಹೋಗಿತ್ತು. ಒಬ್ಬ ಗಿರಾಕಿಯ ಕುರ್ಚಿಯ ಮೇಲೆ ಪದ್ಧತಿಯಂತೆ ಧೊಪ್ಪನೆ ಕೂತೆ. ಕುರ್ಚಿ ಕಿರ್ ಎನ್ನಲಿಲ್ಲ. ಅವನು ಮೂಗು ಮುರಿದ. “ಇದೇನ್ರೀ ಗ್ಯಾರಂಟಿ? ಪಾರಿವಾಳ ಕೂತಹಾಗಿತ್ತು.” ಅಂದಿನಿಂದ ತೊಡೆಯ ಮೇಲೆ ಮರಳಿನ ಚೀಲ ಇಟ್ಟುಕೊಂಡು ಕೂರಬೇಕಾಯಿತು.

“ರೀ, ನಿಮ್ಮ ಚಡ್ಡಿ ಹಿಡ್ಕೊಳ್ಳೋಕೆ ಒಂದು ಕೈ ಬೇಕು, ಸುತ್ತಿಗೆ ಹಿಡಿಯೋಕೆ ಒಂದು ಕೈ. ಮೊಳೆ ಯಾರು ಹಿಡೀತಾರೆ?” ಎಂದಳು ನನ್ನ ಹೆಂಡತಿ. “ಕನ್ನಡಕದಂಗಡಿಗೇ ಹೋಗಿ. ಈಗ ಕಪಾಟಿನ ಮಧ್ಯೆ ಆರಾಮಾಗಿ ತೂರ್ತೀರಿ.”

ಒಂದು ಭಾನುವಾರ ಬೆಳಿಗ್ಗೆ ಸಾಹೇಬರ ಕಾರು ನೇರವಾಗಿ ಅಂಗಡಿಯ ಮುಂದೆ ಬಂದು ನಿಂತಿತು. ಸುದ್ದಿ ಹೇಗೆ ಹಬ್ಬಿತೋ, ಮೇಷ್ಟ್ರು ಓಟದವರೊಡನೆ ಬಂದರು, ಬಾಮೈದ ಸೈಕಲ್ಲಿನವರೊಡನೆ ಬಂದ, ಕೆರೆಯವರು ಒದ್ದೆ ಬಟ್ಟೆಯಲ್ಲೇ ಬಂದರು. ಸಾಹೇಬರು ಇಳಿದರು. ಯಾವ ವ್ಯಾಯಾಮವನ್ನೂ ಮಂಜೂರು ಮಾಡದೆ ಕಾದದ್ದಕ್ಕೆ ಅವರು ಮೊದಲಿಗಿಂತ ದುಂಡಗಾಗಿದ್ದರು. ನಿಂತು ನಿಂತು ಕಾಲೂ ಊದಿತ್ತು.

“ಇವತ್ತು ಎಲ್ಲ ಇತ್ಯರ್ಥ ಆಗ್ಬೇಕು. ಯಾವ ವ್ಯಾಯಾಮ ಒಳ್ಳೇದು ಅಂತ ಹೇಳಿ. ನನ್ನ ಕುರ್ಚಿ ಕೊಡಿ. ಅದನ್ನ ನೋಡಿ ಸಭಾಂಗಣದ ಕೆಲಸ ಯಾರಿಗೆ ಅಂತ ನಾನು ಹೇಳ್ತೀನಿ.”

ಮೇಷ್ಟ್ರು ಸೀಟಿ ಬಾಯಿಗಿಟ್ಟರು. ಬಾಮೈದ ಬೆಲ್ಲಿನ ಮೇಲೆ ಬೆರಳಿಟ್ಟ. ಹೆಂಡತಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅಂಗಡಿಯ ಗೋಡೆಯ ಮೇಲಿನ ಉಳಿ, ಕರಗಸಗಳನ್ನು ಒಂದು ಸಲ ನೋಡಿಕೊಂಡೆ. ಸಾಕು, ಇದೆಲ್ಲ ಸಾಕು ಎನ್ನಿಸಿತು. ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡು ಮುಂದೆ ಬಂದೆ.

“ಸಾರ್, ನಿಜ ಹೇಳ್ತೀನಿ. ನಾನು ವ್ಯಾಯಾಮಕ್ಕೆ ಓಡಲಿಲ್ಲ. ನಿಮ್ಮ ಕುರ್ಚಿ—”

ಆಗ ಕೆಳಗಿನಿಂದ ಕಿರ್ರ್, ಕಿರ್ರ್ ಎಂದು ಸದ್ದು ಕೇಳಿತು. ಎಲ್ಲರೂ ತಿರುಗಿದರು. ಇಳಿಜಾರಿನಲ್ಲಿ ಕೆಳಗಿನ ಮನೆಯ ಅಜ್ಜಿ ಹಿಮ್ಮುಖವಾಗಿ ಮೇಲಕ್ಕೆ ಬರುತ್ತಿದ್ದರು. ಕೂತಲ್ಲಿಂದಲೇ ಎರಡೂ ಪಾದಗಳಿಂದ ನೆಲ ಒತ್ತಿ ಒತ್ತಿ, ದೋಣಿ ಹುಟ್ಟುಹಾಕುವ ಹಾಗೆ. ನೆಲದವರೆಗಿನ ಹೊದಿಕೆ ಮಡಿಲಿಗೆ ಜಾರಿತ್ತು. ಕೆಳಗೆ ಎತ್ತರದ ಬೆನ್ನು, ಕಂದು ಚರ್ಮ, ಕೈಯಿಡಲು ಮೆತ್ತೆ.

ಅಂಗಡಿಯ ಮುಂದೆ ಬಂದು, ಒಂದು ಕಾಲು ಊರಿ ಕುರ್ಚಿ ನಿಲ್ಲಿಸಿದರು. ಉಸಿರು ಒಂದಿಷ್ಟೂ ಹೆಚ್ಚಿರಲಿಲ್ಲ.

“ಏಯ್ ಹುಡುಗಾ, ಇದರ ಒಂದು ಗಾಲಿ ಕಿರುಗುಡ್ತಿದೆ. ಎಣ್ಣೆ ಬಿಡು.”

ಎಲ್ಲರೂ ಕುರ್ಚಿಯ ಸುತ್ತ ಮುತ್ತಿಕೊಂಡರು.

“ಅಜ್ಜೀ,” ಎಂದೆ. “ಇದು ನಿಮ್ಮ ಹತ್ರ ಹೇಗೆ ಬಂತು?”

“ತಾನಾಗೇ ಬಂತು. ಹಾಸಿಗೆ ಒರಗಿಸ್ತಿದ್ದೆ, ಗೇಟಿನೊಳಗೆ ಬಂದು ಹಾಸಿಗೆಗೆ ಬಡ್ಕೊಂಡು ನಿಂತ್ಕೊಳ್ತು. ಯಾರಾದ್ರೂ ಕೇಳ್ಕೊಂಡು ಬಂದ್ರೆ ಕೊಡೋಣ ಅಂತ ಗೇಟಿನ ಹತ್ರಾನೇ ಕಾಯ್ತಾ ಕೂತೆ. ಅದರಲ್ಲೇ ಕೂತೆ, ನಿಂತು ಕಾಯೋಕೆ ನನಗೇನು ಹುಚ್ಚಾ? ನಿನ್ನನ್ನೂ ದಿನಾ ಕೇಳಿದೆ, ಏನಾದ್ರೂ ಕಳ್ಕೊಂಡ್ಯಾ ಅಂತ. ನೀನು ವ್ಯಾಯಾಮ ಅಂದೆ.” ಅಜ್ಜಿ ಕಾಲು ಚಾಚಿ ತೋರಿಸಿದರು. “ಆದ್ರೂ ಒಳ್ಳೆ ಸಾಮಾನು ಕಣೋ. ಮನೆ ತುಂಬ ಕಾಲಲ್ಲಿ ತಳ್ಕೊಂಡು ಓಡಾಡಿ ನನ್ನ ಮಂಡಿ ನೋವೇ ಹೋಯ್ತು. ಡಾಕ್ಟರು ನೋಡಿ ಬಾಯಿ ಬಿಟ್ಟರು.”

ಆಯಿತು, ಕನ್ನಡಕ ಒರೆಸುವ ಬಟ್ಟೆ ಯಾವ ಬಣ್ಣದ್ದಿರಬಹುದು ಎಂದು ನಾನು ಯೋಚಿಸತೊಡಗಿದ್ದೆ. ಸಾಹೇಬರು ಕುರ್ಚಿಯ ಸುತ್ತ ಒಂದು ಸುತ್ತು ಬಂದರು. ಅಜ್ಜಿಯ ಮಂಡಿ ನೋಡಿದರು. ನನ್ನನ್ನು ನೋಡಿದರು. ಅವರ ಕಣ್ಣು ಒದ್ದೆಯಾಯಿತು.

“ಅರ್ಥವಾಯ್ತು! ಓಟ, ಸೈಕಲ್, ಈಜು ಎಲ್ಲಾ ನೀವೇ ಮಾಡಿ ನೋಡಿದ್ರಿ. ಕೊನೆಗೆ ನನ್ನ ಕುರ್ಚಿಯನ್ನೇ ವಯಸ್ಸಾದವರ ಕೈಗೆ ಕೊಟ್ಟು ಪರೀಕ್ಷೆ ಮಾಡಿಸಿದ್ರಿ! ಕೂತುಕೊಂಡೇ ಮಾಡೋ ವ್ಯಾಯಾಮ! ಇದನ್ನ ಮಂಜೂರು ಮಾಡ್ತೀನಿ.”

“ಸಾರ್, ಹಾಗಲ್ಲ. ನಾನು ಒದ್ದೆ, ಅದು ಓಡಿಹೋಯ್ತು.”

“ಸಂಕೋಚ ಬೇಡ. ಒದ್ದರೆ ಓಡುತ್ತೆ, ಅದೇ ತಾನೇ ವಿಧಾನ? ಅಜ್ಜೀ, ಸ್ವಲ್ಪ ಏಳಿ.” ಅಜ್ಜಿ ಎದ್ದರು. ಸಾಹೇಬರು ಎಷ್ಟೋ ದಿನದ ಮೇಲೆ ತಮ್ಮ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಅಜ್ಜಿಯ ಹಾಗೆ ಕಾಲು ಚಾಚಿದರು. ಕುರ್ಚಿ ಅಲುಗತೊಡಗಿತು. ಬೆನ್ನು ಹಿಡಿದುಕೊಂಡೆ.

“ಸಾರ್, ಬ್ರೇಕ್ ಇಲ್ಲ ಸಾರ್!”

“ಬಿಡ್ರೀ ಕೈನ. ಒದೀರಿ.”

“ಸಾರ್, ನನ್ನ ಮಾತು ಕೇಳಿ—”

“ಒದೀರಿ ಅಂದೆ. ಇದು ನನ್ನ ಆಜ್ಞೆ.”

ಊರಿನಲ್ಲಿ ಆ ಕಚೇರಿಯ ಮೆಟ್ಟಿಲು ಸವೆಸಿದ ಎಷ್ಟೋ ಜನಕ್ಕೆ ಇಂಥ ಆಜ್ಞೆ ಕನಸಿನಲ್ಲೂ ಸಿಕ್ಕಿರಲಿಲ್ಲ. ನನಗೆ ಸಿಕ್ಕಿತು. ಒದ್ದೆ. ಮೆತ್ತಗೆ ಒದೆಯಬೇಕೆಂದಿದ್ದೆ, ಆದರೆ ಕುರ್ಚಿಯ ಹಿಂದೆ ಅಷ್ಟು ದಿನ ಅಲೆದದ್ದೆಲ್ಲ ಆ ಕಾಲಿನಲ್ಲಿ ಸೇರಿಕೊಂಡಿತ್ತು.

ಸಾಹೇಬರು ಹೋದರು. ಮೇಷ್ಟ್ರು ಸೀಟಿ ಊದಿ ಓಟದವರೊಡನೆ ಹಿಂದೆ ಬಿದ್ದರು, ಬಾಮೈದ ಬೆಲ್ಲು ಬಾರಿಸುತ್ತ ಸೈಕಲ್ಲಿನವರೊಡನೆ ಹಿಂದೆ ಬಿದ್ದ. “ಅದು ವ್ಯಾಯಾಮ ಅಲ್ರೋ, ಬ್ರೇಕಿಲ್ಲ!” ಎಂದು ನಾನು ಕೂಗಿದೆ. ಒಬ್ಬನೂ ನಂಬಲಿಲ್ಲ. ಅಜ್ಜಿಯೊಬ್ಬರೇ ತಿರುಗಿ ನೋಡಿ, “ಹಾಸಿಗೆ ಒರಗಿಸಿದೆ ಬಿಡು,” ಎಂದರು.

ಹಾಸಿಗೆಯಿಂದ ಎಬ್ಬಿಸಿ ಕರೆತಂದಾಗ ಸಾಹೇಬರ ಕೂದಲು ನೆಟ್ಟಗೆ ನಿಂತಿತ್ತು, ಮುಖ ಕೆಂಪಗೆ ಹೊಳೆಯುತ್ತಿತ್ತು. “ಎದೆ ಹೇಗೆ ಬಡೀತಿದೆ ನೋಡಿ! ಬೆವರು ನೋಡಿ! ಕೂತುಕೊಂಡೇ!” ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಚಡ್ಡಿ ಉಳಿಸಿಕೊಳ್ಳಲು ನಾನು ಮಂಡಿ ಜೋಡಿಸಬೇಕಾಯಿತು. “ಸಭಾಂಗಣದ ಕೆಲಸ ನಿಮಗೇ. ಅಷ್ಟೂ ಕುರ್ಚಿಗೂ ಗಾಲಿ ಹಾಕಿ. ಇದೇ ಥರ. ಬ್ರೇಕು ಬೇಡ.”

“ಸಾರ್, ಅಲ್ಲಿ ನೆಲ ಇಳಿಜಾರು.”

“ಎಂಥ ವಿನಯ ನಿಮ್ಮದು!” ಎಂದು ಬೆನ್ನು ತಟ್ಟಿ ಹೋದರು.

ಅಂಗಡಿ ಉಳಿಯಿತು. ಕುರ್ಚಿಗಳನ್ನು ಹೇಳಿದ ಹಾಗೇ ಮಾಡಿಕೊಟ್ಟೆ. ಕೂತು ಕೆಲಸ ಮಾಡಿದ್ದರಿಂದ ಹೊಟ್ಟೆಯೂ ಬಂತು, ಮರಳಿನ ಚೀಲ ಮೂಲೆಗೆ ಹೋಯಿತು.

ಸಭಾಂಗಣದ ಉದ್ಘಾಟನೆಯ ದಿನ ಊರೆಲ್ಲ ಬಂದಿತ್ತು. ಸಾಹೇಬರು ವೇದಿಕೆಯ ಮುಂದೆ, ಜನರ ಮಟ್ಟಕ್ಕೇ ಇಳಿದು ನಿಂತು ಭಾಷಣ ಶುರು ಮಾಡಿದರು. ಕೂತವರೆಲ್ಲ ಜಾರದ ಹಾಗೆ ಎರಡೂ ಹಿಮ್ಮಡಿ ನೆಲಕ್ಕೆ ಒತ್ತಿ, ಹಲ್ಲು ಕಚ್ಚಿ, ನಡುಗುತ್ತ ಬೆವರುತ್ತಿದ್ದರು. ಮೇಷ್ಟ್ರು ಆನಂದದಿಂದ ನೋಡುತ್ತಿದ್ದರು. ಬಾಮೈದನ ಮೀನಖಂಡ ಕೊನೆಗೂ ಕೆಲಸಕ್ಕೆ ಬಂದಿತ್ತು. ಭಾಷಣ ಚೆನ್ನಾಗಿ ಉದ್ದವಿತ್ತು. ಅದು ಮುಗಿದದ್ದೇ ತಡ, ಬಿಡುಗಡೆಯಾದ ಸಂತೋಷಕ್ಕೆ ಇಡೀ ಸಭೆ ಒಟ್ಟಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಎದ್ದರಲ್ಲ, ಕುರ್ಚಿಗಳನ್ನು ಹಿಡಿದವರು ಯಾರು?

ನನ್ನ ರಿಪೇರಿ ಹೇಗೋ ನನ್ನ ಹೊಸ ಕೆಲಸವೂ ಹಾಗೇ, ಒಂದು ಸದ್ದೂ ಇಲ್ಲ. ಜನರ ಕಾಲಸಂದಿಯಿಂದ ನುಸುಳಿ, ಒಂದನ್ನೊಂದು ತಳ್ಳಿಕೊಂಡು, ಅಷ್ಟೂ ಕುರ್ಚಿಗಳು ಸಾಹೇಬರ ಕಡೆಗೆ ಹೊರಟವು. ನಗುತ್ತ ಕೈಮುಗಿಯುತ್ತಿದ್ದ ಸಾಹೇಬರು ಕೆಳಗೆ ನೋಡಿದರು. ಪಕ್ಕದ ಬಾಗಿಲು ನೋಡಿದರು. ಆಮೇಲೆ ಓಡಿದರು. ಮಂಡಿ ಎದೆಗೆ ಮುಟ್ಟುವ ಹಾಗೆ, ಕೈ ಬೀಸಿ, ಕತ್ತು ನೆಟ್ಟಗಿಟ್ಟು, ಬಾಗಿಲು ದಾಟಿ, ಅಂಗಳ ದಾಟಿ, ಬೀದಿ ಹಿಡಿದು ಓಡಿದರು. ಮೇಷ್ಟ್ರ ಬಾಯಿಂದ ಸೀಟಿ ಬಿದ್ದುಹೋಯಿತು. ಅಂಥ ಓಟವನ್ನು ಅವರು ತಮ್ಮ ಶಾಲೆಯಲ್ಲೂ ಕಂಡಿರಲಿಲ್ಲವಂತೆ.

ನಾನು ಹಿಂದಿನ ಬಾಗಿಲ ಬಳಿ, ಮನೆಯಿಂದ ತಂದಿದ್ದ ಮರದ ಸ್ಟೂಲಿನ ಮೇಲೆ ಕೂತಿದ್ದೆ. ಅದಕ್ಕೆ ಗಾಲಿ ಇಲ್ಲ. ಪಕ್ಕದಲ್ಲಿ ನಿಂತಿದ್ದ ಅಜ್ಜಿ ನನ್ನ ಭುಜ ತಟ್ಟಿ ಕೇಳಿದರು: “ಅಲ್ವೋ, ನೀನೂ ಓಡ್ತಿದ್ದೆ, ಅವರೂ ಓಡ್ತಿದಾರೆ. ಯಾವುದು ಒಳ್ಳೇದೋ?”

ಸುತ್ತಿಗೆ ಅಂಗಡಿಯಲ್ಲಿ ಉಳಿದಿತ್ತು. ಆದ್ದರಿಂದ ಬಾಯಲ್ಲೇ ಹೇಳಿದೆ: “ಕುರ್ಚಿಯ ಹಿಂದೆ ಓಡೋದಕ್ಕಿಂತ ಕುರ್ಚಿಯ ಮುಂದೆ ಓಡೋದೇ ಮೈಗೆ ಒಳ್ಳೇದು ಅಜ್ಜಿ. ಹುಡುಕೋ ಕಷ್ಟ ಇರಲ್ಲ.”